ಸೂಪರ್‌ಮಾರ್ಕೆಟ್ ಕೈ ಬದಲಾದರೆ ನನ್ನ ಪಾಯಿಂಟ್ ಏನಾಗುತ್ತೆ?

ಕುಶಾಲನಗರದಲ್ಲಿ ನೀವು ಸಾಮಾನು ತರುವ ಸೂಪರ್‌ಮಾರ್ಕೆಟ್ಟನ್ನು ಬೇರೆ ಕಂಪನಿ ತೆಗೆದುಕೊಳ್ಳುತ್ತಿದೆ, ಕಾರ್ಡಿನಲ್ಲಿರುವ ಪಾಯಿಂಟ್ ಉಳಿಯುತ್ತಾ ಅಂತ ಕೇಳಿದ್ದೀರಿ. ಈ ವಾರವೇ ಹೋಗಿ ಖರ್ಚು ಮಾಡಿಬಿಡಿ. ಉಳಿದದ್ದನ್ನು ಆಮೇಲೆ ಓದಿದರೂ ಆಯಿತು.

ನಾನು ಗೋಣಿಕೊಪ್ಪದವಳು. ನಮ್ಮಲ್ಲಿ ಹೀಗೇ ಆದಾಗ ಸುಮಾರು ಆರುನೂರು ಪಾಯಿಂಟ್ ಕಳೆದುಕೊಂಡೆ. ತಪ್ಪು ನನ್ನದೂ ಇತ್ತು. ಅಂಗಡಿಯಲ್ಲಿ ಮೊದಲು ಎಣ್ಣೆ ಖಾಲಿಯಾಯಿತು, ಆಮೇಲೆ ಬೇಳೆ. ಮತ್ತೆ ತುಂಬಿಸುವವರೇ ಇಲ್ಲ. ಕೊನೆಗೆ ಉಳಿದದ್ದು ಫಿನಾಯಿಲ್, ಓಟ್ಸ್, ಒಂದೇ ಥರದ ಬಿಸ್ಕತ್ತು. ಅದನ್ನೇ ರ್‍ಯಾಕಿನ ಅಂಚಿಗೆ ಎಳೆದು ಸಾಲಾಗಿ ನಿಲ್ಲಿಸಿದ್ದರು. ಒಂದು ಪ್ಯಾಕೆಟ್ ತೆಗೆದರೆ ಹಿಂದೆ ಬರೀ ತಗಡು. ಬಿಲ್ ಹಾಕುವ ಹುಡುಗಿ ಮೆಲ್ಲಗೆ, "ಅಕ್ಕ, ಪಾಯಿಂಟ್ ಇವತ್ತೇ ಹಾಕಿಬಿಡ್ಲಾ?" ಅಂತ ಕೇಳಿದಳು. "ಹುತ್ತರಿ ಹಬ್ಬಕ್ಕೆ ಇರಲಿ ಬಿಡಮ್ಮ" ಅಂದೆ. ಹುತ್ತರಿ ಹೊತ್ತಿಗೆ ಬೋರ್ಡೇ ಬೇರೆ.

ಅಂಗಡಿ ಕೈ ಬದಲಾಗುವುದರಲ್ಲಿ ಎರಡು ಥರ ಇದೆ. ಒಂದು, ಕಂಪನಿಯನ್ನೇ ಕೊಳ್ಳುವುದು. 2007ರ ಹೊತ್ತಿಗೆ ಆದಿತ್ಯ ಬಿರ್ಲಾ ಗುಂಪು ತ್ರಿನೇತ್ರ ಅನ್ನುವ ಸೂಪರ್‌ಮಾರ್ಕೆಟ್ ಕಂಪನಿಯನ್ನು ಕೊಂಡಿತು. ಅದರ ಜೊತೆ ಫ್ಯಾಬ್‌ಮಾಲ್ ಅಂಗಡಿಗಳೂ ಬಂದವು, ಮುಂದೆ ‘ಮೋರ್’ ಆದವು. ಕಂಪನಿಯನ್ನೇ ಕೊಂಡರೆ ಅದರ ಸಾಲ, ಬಾಕಿ ಎಲ್ಲ ಹಿಂದೆಯೇ ಬರುತ್ತೆ.

ಇನ್ನೊಂದು, ಜಾಗ ಮಾತ್ರ ತೆಗೆದುಕೊಳ್ಳುವುದು. 2022ರ ಫೆಬ್ರವರಿಯಲ್ಲಿ ಬಿಗ್ ಬಜಾರ್ ಮಳಿಗೆಗಳನ್ನು ರಿಲಯನ್ಸ್ ತೆಗೆದುಕೊಂಡದ್ದು ಹಾಗೆ. ಬಾಡಿಗೆ ಕಟ್ಟಲಾಗದ ಹಲವು ಮಳಿಗೆಗಳ ಕರಾರು ಆಗಲೇ ರಿಲಯನ್ಸ್ ಹೆಸರಿಗೆ ಹೋಗಿತ್ತು. ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ಗುಂಪಿನ ಅಂಗಡಿ ವ್ಯಾಪಾರವನ್ನೇ 24,713 ಕೋಟಿಗೆ ಕೊಳ್ಳುವ ಮಾತು ಮಾತ್ರ ಏಪ್ರಿಲ್‌ನಲ್ಲಿ ಮುರಿದುಬಿತ್ತು, ಸಾಲ ಕೊಟ್ಟ ಬ್ಯಾಂಕುಗಳು ಒಪ್ಪಲಿಲ್ಲ. ಅಂಗಡಿ ಒಬ್ಬರ ಕೈಗೆ, ಸಾಲ ಹಳಬರ ತಲೆಗೇ.

ನಿಮ್ಮದು ಯಾವ ಥರ ಅಂತ ತಿಳಿಯಲು ಬೋರ್ಡ್ ನೋಡಬೇಡಿ, ಬಿಲ್ ನೋಡಿ. ಮೇಲ್ಗಡೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರುತ್ತೆ. ಮೊದಲ ಎರಡು 29, ಅದು ಕರ್ನಾಟಕ. ಆಮೇಲಿನ ಹತ್ತು ಕಂಪನಿಯ ಪ್ಯಾನ್. ಹಳೇ ಬಿಲ್ಲಿಗೂ ಹೊಸದಕ್ಕೂ ಆ ಹತ್ತು ಬದಲಾಗಿದ್ದರೆ ನೀವೀಗ ಬೇರೆಯೇ ಕಂಪನಿಯ ಗಿರಾಕಿ. ಪಾಯಿಂಟ್ ಕೇಳಿದರೆ "ಅದು ಹಳೇ ಕಂಪನೀದು ಮೇಡಂ" ಅಂತಾರೆ. ನನಗೂ ಅದನ್ನೇ ಅಂದರು. ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕೂಪನ್ ಇದ್ದರೆ ಮಾತ್ರ ಸುಮ್ನೆ ಬಿಡಬೇಡಿ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಮಿಕ್ಸಿ, ಕುಕ್ಕರ್ ಗ್ಯಾರಂಟಿಗೆ ಏನೂ ಆಗಲ್ಲ, ಅದು ತಯಾರಿಸಿದವರು ಕೊಟ್ಟದ್ದು. ಬಿಲ್ ಜೋಪಾನ ಅಷ್ಟೇ.

ನೀವು ಕೇಳದ ಇನ್ನೊಂದು ಮಾತು. ನನಗೆ ಪಾಯಿಂಟ್‌ಗಿಂತ ಜಾಸ್ತಿ ಬೇಜಾರಾದದ್ದು ಕಾಚಂಪುಳಿ ವಿಷಯಕ್ಕೆ, ಹಂದಿ ಮಾಂಸದ ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ ಅದು. ಹಳೇ ಮ್ಯಾನೇಜರ್ ಪಕ್ಕದೂರಿನ ಒಬ್ಬ ಅಜ್ಜಿಯ ಹತ್ತಿರ ಅದನ್ನು ತರಿಸಿ ಕ್ಯಾಶ್ ಕೌಂಟರ್ ಪಕ್ಕ ಇಡುತ್ತಿದ್ದರು. ಕಡುಂಬುಟ್ಟು ಅನ್ನುವ ನಮ್ಮ ಅಕ್ಕಿ ಕಡುಬಿಗೆ ಬೇಕಾದ ತರಿಯೂ ಅಲ್ಲೇ ಸಿಗುತ್ತಿತ್ತು. ಹೊಸಬರಲ್ಲಿ ಎಲ್ಲ ಸಾಮಾನೂ ಹೊರಗಿನ ಗೋದಾಮಿನಿಂದ ಬರಬೇಕು, ಪ್ರತಿಯೊಂದಕ್ಕೂ ಕೋಡ್ ಬೇಕು. ಅಜ್ಜಿಯ ಬಾಟಲಿಗೆ ಎಲ್ಲಿಯ ಕೋಡ್? ಈಗ ಆ ಜಾಗದಲ್ಲಿ ವಿನೆಗರ್ ಇಟ್ಟಿದ್ದಾರೆ. ಪಂದಿ ಕರಿಗೆ ವಿನೆಗರ್ ಹಾಕೋಕಾಗುತ್ತಾ, ನೀವೇ ಹೇಳಿ.

ಎಣ್ಣೆ, ಸೋಪಿಗೆ ಈಗಲೂ ಅಲ್ಲಿಗೇ ಹೋಗುತ್ತೇನೆ, ಆಫರ್ ಚೆನ್ನಾಗಿದೆ. ಕಾಚಂಪುಳಿಗೆ ಅಜ್ಜಿ ಮನೆಗೇ ಹೋಗಿ, ನನ್ನದೇ ಬಾಟಲಿ ಕೊಟ್ಟು ತುಂಬಿಸಿಕೊಂಡು ಬರುತ್ತೇನೆ.