ಬಿಲ್ಲಿನ ಪ್ರತಿ ಪುಟದಲ್ಲೂ ‘ನಕಲು’ ಎಂದು ಅಚ್ಚಾಗಲು ಪೋಸ್ಟ್‌ಸ್ಕ್ರಿಪ್ಟ್ 3 ಇರುವ ಪ್ರಿಂಟರೇ ಬೇಕೇ?

ಬೇಡ. ಇದೇ ಪ್ರಶ್ನೆಯನ್ನು ಹಿಂದೆ ನಾನೂ ಕೇಳಿದ್ದೆ, ಹಾಗಾಗಿ ನೇರವಾಗಿ ಹೇಳುತ್ತೇನೆ: ಪ್ರಿಂಟರಿಗೆ ಇಟ್ಟ ದುಡ್ಡು ಹಾಗೇ ಇರಲಿ. ಪೋಸ್ಟ್‌ಸ್ಕ್ರಿಪ್ಟ್ ಎಂದರೆ ಪುಟ ಹೇಗೆ ಕಾಣಬೇಕೆಂದು ಪ್ರಿಂಟರಿಗೆ ಹೇಳುವ ಭಾಷೆ. 1997ರ ಪೋಸ್ಟ್‌ಸ್ಕ್ರಿಪ್ಟ್ 3 ತಂದದ್ದು ಸ್ಮೂತ್ ಶೇಡಿಂಗ್, ಡಿವೈಸ್‌ಎನ್ ಬಣ್ಣದಂಥವು. ಬಣ್ಣದ ಪ್ಯಾಕೇಜಿಂಗ್ ಮಾಡುವವರಿಗೆ ಅವು ಬೇಕು, ಬಿಲ್ಲಿಗೆ ಯಾಕೆ? ನಿಮಗೆ ಬೇಕಾದ, ಪುಟದ ಸೆಟ್ಟಿಂಗ್ ಬದಲಿಸುವ ಆಪರೇಟರ್ (ಆದೇಶ) ಸೆಟ್‌ಪೇಜ್‌ಡಿವೈಸ್ ಹಿಂದಿನ ಆವೃತ್ತಿಯಾದ ಲೆವೆಲ್ 2ರಲ್ಲೇ ಬಂದಿದೆ.

ಈ ಆಪರೇಟರಿಗೆ ಒಂದು ಡಿಕ್ಷನರಿ (ಸೆಟ್ಟಿಂಗಿನ ಹೆಸರು, ಅದರ ಬೆಲೆಗಳ ಪಟ್ಟಿ) ಕೊಡಬೇಕು. ಅದರಲ್ಲಿ ಡುಪ್ಲೆಕ್ಸ್ (ಎರಡೂ ಬದಿ ಮುದ್ರಣ), ಪೇಜ್‌ಸೈಜ್ (ಎ4 ಅಂದರೆ 595 × 842 ಪಾಯಿಂಟ್) ಇತ್ಯಾದಿಗಳ ಜತೆ ಬಿಗಿನ್‌ಪೇಜ್, ಎಂಡ್‌ಪೇಜ್ ಎಂಬ ಎರಡು ಪ್ರೊಸೀಜರ್ (ಆದೇಶಗಳ ಗುಂಪು) ಇಡಬಹುದು. ಮೊದಲನೆಯದು ಪುಟ ಶುರುವಾಗುವಾಗ ಓಡುತ್ತದೆ, ಎರಡನೆಯದು ಪುಟ ಮುಗಿಸುವ ಶೋಪೇಜ್ ಆದೇಶ ಬಂದಾಗ. ಪುಟದ ನಡುವೆ ದೊಡ್ಡದಾಗಿ ‘ನಕಲು’ ಬೇಕಿದ್ದರೆ ಬಿಗಿನ್‌ಪೇಜ್‌ನಲ್ಲಿ 0.9 ಬೂದಿಯಲ್ಲಿ (ತೀರಾ ತೆಳು ಬಣ್ಣ) ತುಂಬಿ, ಬಿಲ್ಲು ಅದರ ಮೇಲೆ ಕೂರುತ್ತದೆ. ಜಿಸೇವ್, ಜಿರೆಸ್ಟೋರ್ (ಬಣ್ಣ, ಅಳತೆಗಳ ಸ್ಥಿತಿಯನ್ನು ಉಳಿಸುವ, ಮರಳಿಸುವ ಆದೇಶಗಳು) ನಡುವೆ ಬರೆಯದಿದ್ದರೆ ಅದೇ ಬೂದಿ ಉಳಿದುಕೊಂಡು ಬಿಲ್ಲಿನ ಅಕ್ಷರವೂ ಮಸುಕಾದೀತು. ಕೆಲವು ತಂತ್ರಾಂಶಗಳು ಮೊದಲು ಇಡೀ ಪುಟಕ್ಕೆ ಬಿಳಿ ಬಳಿಯುತ್ತವೆ. ಆಗ ಎಂಡ್‌ಪೇಜೇ ಗತಿ. ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಪಾರದರ್ಶಕತೆ ಇಲ್ಲದ್ದರಿಂದ ಅಲ್ಲಿ ತುಂಬಿದರೆ ಮೊತ್ತವೇ ಮುಚ್ಚಿಹೋಗುತ್ತದೆ. ಬರೀ ಗೆರೆ ಎಳೆಯಿರಿ, ಇಲ್ಲವೇ ಮೇಲಿನ ಅಂಚಿನಲ್ಲಿ ಚಿಕ್ಕದಾಗಿ ಹಾಕಿ. ಮೊದಲು ಅಳತೆಯನ್ನು ಮೂಲಸ್ಥಿತಿಗೆ ತರುವ ಇನಿಟ್‌ಮ್ಯಾಟ್ರಿಕ್ಸ್ ಕರೆಯುವುದನ್ನು ಮರೆಯಬೇಡಿ, ಬಿಲ್ಲಿನ ತಂತ್ರಾಂಶ ಅಳತೆಯನ್ನು ಎಲ್ಲಿಗೆ ತಂದು ಬಿಟ್ಟಿರುತ್ತದೋ ಹೇಳಲಾಗದು.

ಕಾಗದ ದಂಡವಾಗುವ ತಪ್ಪು ಒಂದೇ, ಅದನ್ನು ಬಿಡಿಸಿ ಹೇಳಬೇಕು. ಎಂಡ್‌ಪೇಜ್ ಓಡುವಾಗ ಸ್ಟ್ಯಾಕಿನಲ್ಲಿ (ಬೆಲೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ) ಎರಡು ಸಂಖ್ಯೆ ಇರುತ್ತವೆ: ಕೆಳಗೆ ಪುಟದ ಎಣಿಕೆ, ಮೇಲೆ ಕಾರಣದ ಸಂಖ್ಯೆ. ಶೋಪೇಜ್‌ಗೆ 0, ಕಾಪಿಪೇಜ್‌ಗೆ 1, ಡಿವೈಸ್ (ಸದ್ಯದ ಪುಟ ಸೆಟ್ಟಿಂಗುಗಳ ಕಟ್ಟು) ನಿಷ್ಕ್ರಿಯವಾಗುವಾಗ 2. ನಿಮ್ಮ ಪ್ರೊಸೀಜರ್ ಎರಡನ್ನೂ ತೆಗೆದು ಒಂದು ಟ್ರೂ ಅಥವಾ ಫಾಲ್ಸ್ ಇಡಬೇಕು. ಟ್ರೂ ಎಂದರೆ ಹಾಳೆ ಹೊರಬರುತ್ತದೆ. ಬಹಳ ಜನ ಎರಡನ್ನೂ ಪಾಪ್ ಮಾಡಿ ಕಣ್ಣುಮುಚ್ಚಿ ಟ್ರೂ ಇಡುತ್ತಾರೆ. ಆದರೆ ನಿಮ್ಮ ಡಿಕ್ಷನರಿ ಆದಮೇಲೆ ಪ್ರಿಂಟರ್ ಡ್ರೈವರ್ ತನ್ನ ಪಾಲಿನ ಸೆಟ್‌ಪೇಜ್‌ಡಿವೈಸ್ ಕರೆಯುತ್ತದೆ, ಟ್ರೇ ಬದಲಾದರೆ ಮತ್ತೊಮ್ಮೆ. ಒಂದೊಂದು ಕರೆಗೂ ಹಳೆಯ ಡಿವೈಸ್ ನಿಷ್ಕ್ರಿಯವಾಗಿ ಎಂಡ್‌ಪೇಜ್ ಕಾರಣ 2ರೊಂದಿಗೆ ಓಡುತ್ತದೆ. ಟ್ರೂ ಸಿಕ್ಕಿತೆಂದರೆ ಬರೀ ‘ನಕಲು’ ಇರುವ ಖಾಲಿ ಹಾಳೆ ಹೊರಗೆ. ಜಾಬ್ ಮುಗಿಯುವಾಗ ಇನ್ನೊಂದು. ಎರಡೂ ಬದಿ ಮುದ್ರಣದಲ್ಲಂತೂ ಮುಂದು ಯಾವುದು ಹಿಂದು ಯಾವುದು ಗೊತ್ತಾಗದಂತಾಗುತ್ತದೆ. ಪರಿಹಾರ ಮೂರು ಪದ: ಎಕ್ಸ್‌ಚ್ (ಎರಡನ್ನೂ ಅದಲುಬದಲು), ಪಾಪ್ (ಮೇಲಿನದನ್ನು ತೆಗೆ), ಆಮೇಲೆ 2ಕ್ಕೆ ಎನ್‌ಇ (ಸಮವಲ್ಲವೇ) ಹೋಲಿಕೆ. ಚಿತ್ರ ಬರೆಯುವ ಸಾಲುಗಳನ್ನೂ ಕಾರಣ 2 ಅಲ್ಲದಾಗ ಮಾತ್ರ ಓಡಿಸಿ. ಡಿವೈಸ್ ಹೊಸದಾದಾಗ ಪುಟದ ಎಣಿಕೆ ಮತ್ತೆ 0ಯಿಂದ ಶುರು, ಆದ್ದರಿಂದ ‘ಮೊದಲ ಪುಟಕ್ಕೆ ಮಾತ್ರ ಲೆಟರ್‌ಹೆಡ್’ ಎಂಬ ಆಸೆಗೆ ಆ ಎಣಿಕೆಯನ್ನು ನಂಬಬೇಡಿ.

ಈ ತುಣುಕು ಫೈಲಿನ ಸೆಟಪ್ ಭಾಗದಲ್ಲಿ, ಮೊದಲ ಪುಟಕ್ಕಿಂತ ಮುಂಚೆ ಇರಬೇಕು. ಪುಟದ ಸೇವ್ (ಸ್ಥಿತಿ ಉಳಿಸುವ ಆದೇಶ) ಒಳಗೆ ಇಟ್ಟರೆ ರೆಸ್ಟೋರ್ ಬಂದ ಕೂಡಲೇ ಮಾಯ, ಏಕೆಂದರೆ ಪೇಜ್ ಡಿವೈಸ್ ರೆಸ್ಟೋರ್ ಹಿಂದಿನಂತೆ ಮಾಡುವ ಗ್ರಾಫಿಕ್ಸ್ ಸ್ಟೇಟಿನದೇ (ಚಿತ್ರಣದ ಸ್ಥಿತಿ) ಭಾಗ. ಪ್ರತ್ಯೇಕ ಫೈಲಾಗಿ ಮುಂದೆ ಕಳಿಸುವುದಾದರೆ ಎರಡರ ನಡುವೆ ಕಂಟ್ರೋಲ್-ಡಿ ಅಕ್ಷರ ಬಾರದಂತೆ ನೋಡಿಕೊಳ್ಳಿ. ಅದು ಜಾಬನ್ನೇ ಮುಗಿಸುತ್ತದೆ, ನಿಮ್ಮ ಸೆಟ್ಟಿಂಗೂ ಅದರೊಂದಿಗೆ ಹೋಗುತ್ತದೆ. ವಿಂಡೋಸ್ ಡ್ರೈವರುಗಳು ಇದನ್ನು ಫೈಲಿನ ಆರಂಭದಲ್ಲೂ ತುರುಕುವುದುಂಟು.

ಇನ್ನು ಕನ್ನಡ. ಅಕ್ಷರ ಬರೆಯುವ ಶೋ ಆಪರೇಟರಿಗೆ ಅಕ್ಷರ ಜೋಡಿಸುವುದು ಬಾರದು. ಕೋಡ್ ಕೊಟ್ಟರೆ ಅದರ ಗ್ಲಿಫ್ (ಅಕ್ಷರದ ಆಕಾರ) ಇಡುತ್ತದೆ, ಅಷ್ಟೇ. ‘ಲು’ವಿನ ಕೊಂಬು, ಒತ್ತಕ್ಷರ ಎಲ್ಲ ನಿಮ್ಮ ತಲೆನೋವು. ಹಳೆಯ ಆಸ್ಕಿ ನುಡಿ ಫಾಂಟನ್ನು ಟೈಪ್ 42 (ಟ್ರೂಟೈಪ್ ಫಾಂಟಿನ ಪೋಸ್ಟ್‌ಸ್ಕ್ರಿಪ್ಟ್ ರೂಪ) ಮಾಡಿ ಹೇಗೋ ದಾಟಬಹುದು. ನಾನಾದರೆ ಇಂಕ್‌ಸ್ಕೇಪಿನಲ್ಲಿ (ಚಿತ್ರ ಬರೆಯುವ ತಂತ್ರಾಂಶ) ಪದ ಬರೆದು ಪಾತ್ (ಗೆರೆಗಳ ಆಕಾರ) ಆಗಿಸಿ, ಇಪಿಎಸ್‌ನಲ್ಲಿ (ಒಂದೇ ಚಿತ್ರದ ಪೋಸ್ಟ್‌ಸ್ಕ್ರಿಪ್ಟ್ ಫೈಲ್) ಉಳಿಸಿ, ಗೆರೆಯ ಸಾಲುಗಳನ್ನಷ್ಟೇ ಒಂದು ಫಾರ್ಮ್ (ಮತ್ತೆ ಮತ್ತೆ ಬಳಸುವ ಚಿತ್ರ) ಡಿಕ್ಷನರಿಯ, ಚಿತ್ರ ಬರೆಯುವ ಭಾಗವಾದ ಪೇಂಟ್‌ಪ್ರಾಕ್‌ಗೆ ಹಾಕುತ್ತೇನೆ. ಪ್ರತಿ ಪುಟದಲ್ಲೂ ಎಕ್ಸೆಕ್‌ಫಾರ್ಮ್ ಕರೆದರೆ ಸಾಕು. ಬಿಬಾಕ್ಸ್ (ಚಿತ್ರದ ಸುತ್ತಲಿನ ಚೌಕಟ್ಟು) ಅಳತೆ ಚಿಕ್ಕದಾದರೆ ಅಕ್ಷರದ ತುದಿ ಕತ್ತರಿಸಿಹೋಗುತ್ತದೆ.

ಪ್ರಿಂಟರಿಗೆ ಕಳಿಸುವ ಮುನ್ನ, ಪೋಸ್ಟ್‌ಸ್ಕ್ರಿಪ್ಟನ್ನು ಕಂಪ್ಯೂಟರಿನಲ್ಲೇ ಓಡಿಸುವ ಘೋಸ್ಟ್‌ಸ್ಕ್ರಿಪ್ಟಿನಲ್ಲಿ ಪಿಡಿಎಫ್‌ರೈಟ್ ಡಿವೈಸ್ (ಪಿಡಿಎಫ್ ಮಾಡಿಕೊಡುವುದು) ಆರಿಸಿ, ತುಣುಕಿನ ಫೈಲ್ ಮೊದಲು, ಬಿಲ್ಲಿನ ಫೈಲ್ ಆಮೇಲೆ ಕೊಡಿ. 12 ಪುಟದ ಬಿಲ್ಲು 13 ಪುಟವಾದರೆ ಕಾರಣ 2 ತಪ್ಪಿಸಿಕೊಂಡಿದೆ ಎಂದರ್ಥ. ನಿಮ್ಮ ಈಗಿನ ಯಂತ್ರಕ್ಕೆ ಪಿಸಿಎಲ್ (ಇನ್ನೊಂದು ಪ್ರಿಂಟರ್ ಭಾಷೆ) ಮಾತ್ರ ಬರುವುದಾದರೂ ಇದೇ ದಾರಿ: ಹೀಗೆ ಮುದ್ರೆ ಬಿದ್ದ ಪಿಡಿಎಫ್ ಮಾಡಿಕೊಂಡು ಅದನ್ನೇ ಮಾಮೂಲಿ ಡ್ರೈವರಿನಿಂದ ಪ್ರಿಂಟ್ ಮಾಡಿ. ಎರಡೂ ಬದಿಯ ಆಯ್ಕೆಯನ್ನು ಮಾತ್ರ ಆಗ ಡ್ರೈವರಿನಲ್ಲೇ ಹಾಕಬೇಕು.