ಬೇರೆಯವರ ಮನೆ ಪಂಚಾಯ್ತಿ ಅಂತೀರಲ್ಲ ಮೇಷ್ಟ್ರೇ

ಶಿರಸಿಯಿಂದ ಒಬ್ಬರು ನಿವೃತ್ತ ಇತಿಹಾಸದ ಮೇಷ್ಟ್ರು ನಾಲ್ಕು ಪುಟದ ಪತ್ರ ಕಳಿಸಿದ್ದಾರೆ. ಸಿರಿಯಾದ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೆ ಜರ್ಮನಿಯ ಕೊಬ್ಲೆಂಜ್ ಕೋರ್ಟು 2022ರ ಜನವರೀಲಿ ಜೀವಾವಧಿ ಶಿಕ್ಷೆ ಕೊಟ್ಟಿದ್ದರ ಬಗ್ಗೆ ಹೋದ ಸಂಚಿಕೇಲಿ ಹಾಕಿದ್ದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಡಮಾಸ್ಕಸ್‌ನಲ್ಲಿ ಸಿರಿಯಾದವನು ಸಿರಿಯಾದವರಿಗೆ ಚಿತ್ರಹಿಂಸೆ ಕೊಟ್ರೆ ಜರ್ಮನಿಯವರಿಗೇನು ಕೆಲಸ, ಬೇರೆಯವರ ಮನೆ ಪಂಚಾಯ್ತಿ ಇವರಿಗ್ಯಾಕೆ, ಬಿಳಿಯರು ಮೊದಲು ಬಂದೂಕು ಹಿಡ್ಕೊಂಡು ಬಂದ್ರು ಈಗ ಕರಿಕೋಟು ಹಾಕ್ಕೊಂಡು ಬರ್ತಿದಾರೆ, ವಿಶ್ವಸಂಸ್ಥೇಲಿ ಭಾರತ ಹೇಳ್ತಿರೋದೇ ಸರಿ ಅಂತ ಬರೆದಿದ್ದಾರೆ. ಜೊತೆಗೆ, ಚಿಲಿಯ ಸರ್ವಾಧಿಕಾರಿಯಾಗಿದ್ದ ಪಿನೊಚೆ ಬಂಧನದ ವರ್ಷ ನಾವು ತಪ್ಪು ಹಾಕಿದ್ದನ್ನೂ ಹಿಡಿದಿದ್ದಾರೆ.

ಮೊದಲು ತಪ್ಪು ಒಪ್ಕೋತೀನಿ ಮೇಷ್ಟ್ರೇ. 1999 ಅಲ್ಲ, 1998ರ ಅಕ್ಟೋಬರ್ 16. ಬೆನ್ನಿನ ಆಪರೇಷನ್‌ಗೆ ಅಂತ ಲಂಡನ್ನಿಗೆ ಬಂದಿದ್ದ ಚಿಲಿಯ ಮಾಜಿ ಸರ್ವಾಧಿಕಾರೀನ ಸ್ಪೇನಿನ ಜಡ್ಜ್ ಬಾಲ್ತಸಾರ್ ಗಾರ್ಜೋನ್ ಕಳಿಸಿದ ವಾರಂಟ್ ಮೇಲೆ ಪೊಲೀಸರು ಹಿಡಿದ ದಿನ ಅದು. 1999ರ ಮಾರ್ಚಲ್ಲಿ ಬಂದಿದ್ದು ಹೌಸ್ ಆಫ್ ಲಾರ್ಡ್ಸ್ ತೀರ್ಪು, ಚಿತ್ರಹಿಂಸೆಗೆ ಮಾಜಿ ರಾಷ್ಟ್ರಾಧ್ಯಕ್ಷ ಅನ್ನೋ ರಕ್ಷಣೆ ಸಿಗಲ್ಲ ಅಂದಿದ್ದು. ಅಚ್ಚಾಗೋ ಮುಂಚೆ ನಾನು ನೋಡ್ಬೇಕಿತ್ತು.

ಈಗ ನಿಮ್ಮ ಸಿಟ್ಟಿನ ವಿಷ್ಯ. ಅದರಲ್ಲಿ ಅರ್ಧ ನನ್ನ ಸಿಟ್ಟೂ ಹೌದು. ಜರ್ಮನಿಯವರು ರಸ್ಲಾನ್‌ನ ವಿಚಾರಿಸಿದ್ದು ಯೂನಿವರ್ಸಲ್ ಜ್ಯೂರಿಸ್ಡಿಕ್ಷನ್ ಅನ್ನೋದರ ಅಡಿ. ಅಂದ್ರೆ, ಕೆಲವು ಅಪರಾಧ ಎಷ್ಟು ಘೋರ ಅಂದ್ರೆ ಅದು ಎಲ್ಲೇ ನಡೆದಿರ್ಲಿ, ಮಾಡಿದವನು ಯಾವ ದೇಶದವನೇ ಆಗಿರ್ಲಿ, ಸತ್ತವರು ಯಾರೇ ಆಗಿರ್ಲಿ, ಯಾವ ದೇಶದ ಕೋರ್ಟ್ ಬೇಕಾದ್ರೂ ವಿಚಾರಣೆ ಮಾಡ್ಬಹುದು ಅನ್ನೋ ತತ್ವ. ಆದ್ರೆ ಇದು ನಡೆದ ರೀತಿ ನೋಡಿ. ಬೆಲ್ಜಿಯಂ 1993ರಲ್ಲಿ ಇಂಥ ಕಾನೂನು ಮಾಡ್ತು. ರುವಾಂಡಾ ನರಮೇಧದ ಕೇಸಲ್ಲಿ 2001ರಲ್ಲಿ ಬ್ರಸೆಲ್ಸ್‌ನ ಕೋರ್ಟು ನಾಲ್ಕು ಜನಕ್ಕೆ ಶಿಕ್ಷೆ ಕೊಡ್ತು, ಅದರಲ್ಲಿ ಇಬ್ಬರು ಕ್ರೈಸ್ತ ಸನ್ಯಾಸಿನಿಯರು. ಆಗ ಕಾನೂನಿಗೆ ಏನೂ ಆಗ್ಲಿಲ್ಲ. ಅದೇ ಕಾನೂನಿನಡಿ ಇಸ್ರೇಲಿನ ಏರಿಯಲ್ ಶರೋನ್ ಮೇಲೆ ದೂರು ಬಂತು, ಆಮೇಲೆ ಅಮೆರಿಕದ ನಾಯಕರಾದ ಸೀನಿಯರ್ ಬುಷ್, ಡಿಕ್ ಚೇನಿ, ಕಾಲಿನ್ ಪವೆಲ್ ಮೇಲೆ ದೂರು ಬಂತು, 2003ರ ಜೂನಲ್ಲಿ ಅಮೆರಿಕದ ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್ ಬ್ರಸೆಲ್ಸ್‌ಗೇ ಬಂದು ಹೀಗಾದ್ರೆ ನೇಟೋ ಮಿಲಿಟರಿ ಕೂಟದ ಹೊಸ ಹೆಡ್‌ಕ್ವಾರ್ಟರ್ಸ್ ಕಟ್ಟೋಕೆ ದುಡ್ಡು ಕೊಡಲ್ಲ ಅಂದ್ರು, ಆಗಸ್ಟ್ ಹೊತ್ತಿಗೆ ಕಾನೂನು ರದ್ದಾಗಿ ಸಣ್ಣದೊಂದು ಉಳೀತು ಅಷ್ಟೇ. ಸ್ಪೇನಿನದ್ದೂ ಅದೇ ಕಥೆ. ಟಿಬೆಟ್ ವಿಷಯದಲ್ಲಿ ಚೀನಾದ ಮಾಜಿ ಅಧ್ಯಕ್ಷ ಜಿಯಾಂಗ್ ಝೆಮಿನ್ ಮೇಲೆ 2013ರ ನವೆಂಬರಲ್ಲಿ ವಾರಂಟ್‌ಗೆ ಕೋರ್ಟು ಹೇಳ್ತು, ಚೀನಾ ಕೆಂಡ ಕಾರ್ತು, 2014ರಲ್ಲಿ ಪಾರ್ಲಿಮೆಂಟು ಕಾನೂನಿನ ರೆಕ್ಕೆ ಕತ್ತರಿಸ್ತು. ಬಲ ಇದ್ದವನ ಮುಂದೆ ಕಾನೂನು ಮಂಡಿ ಊರುತ್ತೆ ಅಂತ ನೀವು ಬರೆದ ಸಾಲು ಅಕ್ಷರಶಃ ನಿಜ.

ಆಫ್ರಿಕಾದವರು ಕೇಳಿದ್ದೂ ಇದನ್ನೇ. 2008ರ ನವೆಂಬರಲ್ಲಿ ರುವಾಂಡಾ ಅಧ್ಯಕ್ಷರ ಪ್ರೋಟೋಕಾಲ್ ಮುಖ್ಯಸ್ಥೆ ರೋಸ್ ಕಬುಯೆ ಅವರನ್ನ ಫ್ರಾನ್ಸಿನ ವಾರಂಟ್ ಮೇಲೆ ಫ್ರಾಂಕ್‌ಫರ್ಟ್ ಏರ್‌ಪೋರ್ಟಲ್ಲಿ ಹಿಡಿದಾಗ ಇಡೀ ಖಂಡ ಕೂಗಾಡ್ತು. ಮಾರನೇ ವರ್ಷ, 2009ರಲ್ಲಿ, ಆಫ್ರಿಕಾ ಗುಂಪಿನ ಪರವಾಗಿ ತಾಂಜಾನಿಯಾ ಈ ವಿಷಯಾನ ವಿಶ್ವಸಂಸ್ಥೆಯ ಮಹಾಸಭೆಗೆ ತಂತು. ಅವತ್ತಿಂದ ಮಹಾಸಭೆಯ ಆರನೇ ಸಮಿತೀಲಿ, ಕಾನೂನು ವಿಷಯ ನೋಡೋ ಸಮಿತಿ ಅದು, ವರ್ಷಾ ವರ್ಷಾ ಇದೇ ಚರ್ಚೆ. ಯಾವ್ಯಾವ ಅಪರಾಧಕ್ಕೆ ಅನ್ವಯ ಆಗುತ್ತೆ, ಆರೋಪಿ ಆ ದೇಶದ ನೆಲದ ಮೇಲೆ ಇರ್ಲೇಬೇಕಾ, ಅಧಿಕಾರದಲ್ಲಿರೋ ಮಂತ್ರೀನ ಮುಟ್ಟಬಹುದಾ, ಒಂದಕ್ಕೂ ಎಲ್ರೂ ಒಪ್ಪೋ ಉತ್ತರ ಸಿಕ್ಕಿಲ್ಲ. ಕೊನೇ ಪ್ರಶ್ನೆಗೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2002ರಲ್ಲೇ, ಕಾಂಗೋ ವಿದೇಶಾಂಗ ಮಂತ್ರಿ ಆಗಿದ್ದಾಗ ಯೆರೋಡಿಯಾ ಮೇಲೆ ಬೆಲ್ಜಿಯಂ ಹೊರಡಿಸಿದ್ದ ವಾರಂಟ್ ಕೇಸಲ್ಲಿ, ಕುರ್ಚಿ ಮೇಲಿರೋ ತನಕ ಬೇರೆ ದೇಶದ ಕೋರ್ಟು ಮುಟ್ಟೋ ಹಾಗಿಲ್ಲ ಅಂದಿದೆ. ಹಾಗಾಗಿ ನಮ್ಮ ವಿದೇಶಾಂಗ ಮಂತ್ರೀನ ನಾಳೆ ಲಂಡನ್ನಲ್ಲಿ ಹಿಡಿದ್ರೆ ಅನ್ನೋ ನಿಮ್ಮ ಆತಂಕಕ್ಕೆ ಅಲ್ಲೇ ಉತ್ತರ ಇದೆ.

ಆದ್ರೆ ಮೇಷ್ಟ್ರೇ, ಇಲ್ಲಿಂದ ಮುಂದೆ ನಾನು ನಿಮ್ಮ ಜೊತೆ ಬರೋಕಾಗಲ್ಲ, ಯಾಕಂದ್ರೆ ಚಾಡ್ ದೇಶದ ಕಥೆ ನನ್ನನ್ನ ಬಿಡ್ತಿಲ್ಲ.

1982ರಿಂದ 1990ರ ತನಕ ಅಲ್ಲಿ ಹಿಸೆನ್ ಹಬ್ರೆ ಆಡಳಿತ. ಲಿಬಿಯಾದ ಗಡಾಫಿಗೆ ವಿರುದ್ಧ ಇದ್ದಾನೆ ಅಂತ ಅಮೆರಿಕ ಮತ್ತೆ ಫ್ರಾನ್ಸ್ ಎರಡೂ ಅವನ ಬೆನ್ನಿಗಿದ್ವು. ರಾಜಧಾನಿ ಎನ್‌ಜಮೇನಾದಲ್ಲಿ ಫ್ರೆಂಚರ ಕಾಲದ ಒಂದು ಈಜುಕೊಳ ಇತ್ತು, ಅದರ ಮೇಲೆ ಕಾಂಕ್ರೀಟ್ ಮುಚ್ಚಿಸಿ, ಕೆಳಗಡೆ ಗೋಡೆ ಎಬ್ಬಿಸಿ ಸೆಲ್‌ಗಳನ್ನ ಮಾಡಿಸಿ, ಜನಾನ ಅದರೊಳಗೆ ತುಂಬಿದ್ರು. ಆ ಸೆಖೇಲಿ, ಆ ಕತ್ತಲೇಲಿ. ಆಮೇಲೆ ಚಾಡ್‌ನದ್ದೇ ತನಿಖಾ ಆಯೋಗ ಸತ್ತವರ ಸಂಖ್ಯೆ 40,000 ಇರ್ಬಹುದು ಅಂದಾಜು ಮಾಡ್ತು.

ಸುಲೇಮಾನ್ ಗೆಂಗ್‌ಗೆಂಗ್ ಅಂತ ಒಬ್ಬ ಸಾಮಾನ್ಯ ನೌಕರ, ಸುಳ್ಳು ಆರೋಪದ ಮೇಲೆ ಎರಡು ವರ್ಷಕ್ಕೂ ಜಾಸ್ತಿ ಜೈಲಲ್ಲಿದ್ದ, ಪಕ್ಕದಲ್ಲಿ ಮಲಗಿದವರು ಒಬ್ಬೊಬ್ಬರೇ ಸಾಯೋದನ್ನ ನೋಡಿದ, ಜೀವಂತ ಹೊರಗೆ ಬಂದ್ರೆ ಇದಕ್ಕೆ ನ್ಯಾಯ ಕೇಳ್ತೀನಿ ಅಂತ ದೇವರ ಮುಂದೆ ಆಣೆ ಮಾಡಿದ. 1990ರಲ್ಲಿ ಹಬ್ರೆ ಓಡಿಹೋದ ಮೇಲೆ ಹೊರಗೆ ಬಂದು ಸುಮ್ನೆ ಕೂರ್ಲಿಲ್ಲ, ಬದುಕುಳಿದವರನ್ನ, ಸತ್ತವರ ಹೆಂಡತಿ ಮಕ್ಕಳನ್ನ ಹುಡುಕಿ ಒಟ್ಟು 792 ಜನರ ಹೇಳಿಕೆ ಬರೆಸಿಕೊಂಡ. ಊರಲ್ಲಿ ಹಬ್ರೆಯ ಹಳೇ ಪೊಲೀಸರೇ ಇನ್ನೂ ಕೆಲಸದಲ್ಲಿದ್ರು, ಅದಕ್ಕೆ ಆ ಕಾಗದಾನೆಲ್ಲ ಮನೇಲೇ ಬಚ್ಚಿಟ್ಟು ವರ್ಷಗಟ್ಲೆ ಕಾಯ್ದ.

ಈಗ ನೀವೇ ಹೇಳಿ, ಅವನು ಯಾವ ಬಾಗಿಲು ತಟ್ಟಬೇಕಿತ್ತು? ಮನೆ ಒಳಗಿನ ಪಂಚಾಯ್ತೀಲಿ ಕೂತಿದ್ದೇ ಹೊಡೆದವರು.

ಹಬ್ರೆ ಇದ್ದದ್ದು ಸೆನೆಗಲ್ಲಿನ ಡಾಕಾರ್‌ನಲ್ಲಿ, ಆರಾಮಾಗಿ. 2000ದ ಜನವರೀಲಿ ಸಂತ್ರಸ್ತರು ಅಲ್ಲಿಗೇ ಹೋಗಿ ಕೇಸ್ ಹಾಕಿದ್ರು. ಕೆಳಗಿನ ಕೋರ್ಟು ತಗೊಳ್ತು, ಮೇಲಿನ ಕೋರ್ಟು ನಮಗೆ ಅಧಿಕಾರ ಇಲ್ಲ ಅಂತ ವಾಪಸ್ ಕಳಿಸ್ತು. ಆಗ ಬೆಲ್ಜಿಯಂಗೆ ಹೋದ್ರು. ಅಲ್ಲಿ ಕಾನೂನು ರದ್ದಾದ್ರೂ ಶುರುವಾಗಿದ್ದ ಈ ಕೇಸ್ ಉಳೀತು, 2005ರಲ್ಲಿ ವಾರಂಟ್ ಬಂತು. ಸೆನೆಗಲ್ ಕೊಡ್ಲಿಲ್ಲ. 2006ರಲ್ಲಿ ಆಫ್ರಿಕನ್ ಯೂನಿಯನ್ನೇ ಸೆನೆಗಲ್‌ಗೆ ಹೇಳ್ತು, ಆಫ್ರಿಕಾದ ಪರವಾಗಿ ನೀವೇ ವಿಚಾರಣೆ ಮಾಡಿ ಅಂತ. ಆಗ್ಲೂ ಮುಂದೂಡಿದ್ರು. ಕೊನೆಗೆ 2012ರ ಜುಲೈನಲ್ಲಿ ಹೇಗ್ ಕೋರ್ಟು ಸೆನೆಗಲ್‌ಗೆ ಹೇಳ್ತು: ವಿಚಾರಣೆ ಮಾಡಿ, ಇಲ್ಲ ಒಪ್ಪಿಸಿ. ಆಮೇಲೆ ಡಾಕಾರ್‌ನಲ್ಲೇ ಆಫ್ರಿಕನ್ ಜಡ್ಜುಗಳ ವಿಶೇಷ ಕೋರ್ಟು ಕೂತು, 2015ರಲ್ಲಿ ವಿಚಾರಣೆ ಶುರುವಾಯ್ತು. ಹಬ್ರೆ ಬಿಳಿ ನಿಲುವಂಗಿ, ಬಿಳಿ ರುಮಾಲು, ಕಪ್ಪು ಕನ್ನಡಕ ಹಾಕ್ಕೊಂಡು ತಿಂಗಳುಗಟ್ಲೆ ಬಾಯಿ ಬಿಡದೆ ಕೂತ. ಅವನ ಮುಂದೆ ನಿಂತು ಹೆಣ್ಣುಮಕ್ಕಳು ಜೈಲಲ್ಲಿ ತಮ್ಮ ಮೇಲೆ ಆಗಿದ್ದನ್ನ ಹೇಳಿದ್ರು. ಗೆಂಗ್‌ಗೆಂಗ್ ಕೂಡ ಸಾಕ್ಷಿ ಹೇಳಿದ. 2016ರ ಮೇ 30ಕ್ಕೆ ಜೀವಾವಧಿ ಶಿಕ್ಷೆ ಆಯ್ತು. ಶಿಕ್ಷೇಲಿ ಇದ್ದಾಗ್ಲೇ 2021ರಲ್ಲಿ ಹಬ್ರೆ ಕೋವಿಡ್‌ನಿಂದ ಸತ್ತ.

ಇದರಲ್ಲಿ ಕರಿಕೋಟಿನ ವಸಾಹತು ಎಲ್ಲಿದೆ ಅಂತ ನಂಗೆ ಕಾಣ್ಲಿಲ್ಲ. ಹಬ್ರೆಗೆ ಬಂದೂಕು ಕೊಟ್ಟವರು ಬಿಳಿಯರು ಅನ್ನೋದು ನಿಜ, ಅದನ್ನ ವಿಚಾರಿಸೋ ಕೋರ್ಟು ಇನ್ನೂ ಹುಟ್ಟಿಲ್ಲ, ಅದು ನಿಮ್ಮ ಜೊತೆ ನಾನೂ ಹಂಚ್ಕೊಳ್ಳೋ ನೋವು. ಆದ್ರೆ ಕೇಸನ್ನ ಹದಿನಾರು ವರ್ಷ ಕೈಬಿಡದೆ ನಡೆಸಿದವರು ಚಾಡ್‌ನ ಸಂತ್ರಸ್ತರೇ. ಸಾರ್ವಭೌಮತ್ವ ಅನ್ನೋ ಮಾತು ಕೇಳಿದಾಗೆಲ್ಲ ನಂಗೆ ಆ ಈಜುಕೊಳ ನೆನಪಾಗುತ್ತೆ, ಅದನ್ನ ಮುಚ್ಚಿಸಿದವನೂ ಒಂದು ಸಾರ್ವಭೌಮ ದೇಶದ ಅಧ್ಯಕ್ಷನೇ ಆಗಿದ್ದ.

ಇನ್ನು ಭಾರತದ ವಿಷ್ಯ. ನಮ್ಮವರು ಆರನೇ ಸಮಿತೀಲಿ ಹೇಳ್ತಾ ಬಂದಿರೋದು, ಯಾರದೂ ತಕರಾರಿಲ್ಲದೆ ಈ ತತ್ವ ಅನ್ವಯ ಆಗೋದು ಕಡಲ್ಗಳ್ಳತನಕ್ಕೆ ಒಂದಕ್ಕೇ, ಉಳಿದಿದ್ದು ಆಯಾ ಒಪ್ಪಂದಕ್ಕೆ ಸೇರಿದವರ ಮಟ್ಟಿಗೆ ಮಾತ್ರ ಅಂತ. ಕಡಲ್ಗಳ್ಳರ ವಿಷಯದಲ್ಲಿ ನಾವು ಮಾಡಿದ್ದು ಚೆನ್ನಾಗೇ ಇದೆ. 2024ರ ಮಾರ್ಚಲ್ಲಿ ನಮ್ಮ ನೌಕಾಪಡೆ ಅರಬ್ಬೀ ಸಮುದ್ರದಲ್ಲಿ ಎಂವಿ ರುಯೆನ್ ಹಡಗನ್ನ ಬಿಡಿಸಿ 35 ಸೊಮಾಲಿ ಕಳ್ಳರನ್ನ ಮುಂಬೈ ಪೊಲೀಸರ ಕೈಗೆ ಕೊಡ್ತು. ಹಡಗು ನಮ್ದಲ್ಲ, ಅದರಲ್ಲಿದ್ದ 17 ಜನ ಸಿಬ್ಬಂದಿ ನಮ್ಮವರಲ್ಲ, ಕಳ್ಳರೂ ನಮ್ಮವರಲ್ಲ. ಆದ್ರೂ ಅವರನ್ನ ಇಲ್ಲೇ ವಿಚಾರಿಸೋಕೆ 2022ರಲ್ಲಿ ನಮ್ಮ ಪಾರ್ಲಿಮೆಂಟು ಪಾಸು ಮಾಡಿದ ಕಡಲ್ಗಳ್ಳತನದ ವಿರುದ್ಧದ ಕಾನೂನು ಇತ್ತಲ್ಲ. ಕಾರವಾರ, ಹೊನ್ನಾವರ, ಉಡುಪಿ ಕಡೆ ಹಡಗಿನ ಕೆಲಸಕ್ಕೆ ಹೋದ ಮಕ್ಕಳಿರೋ ಮನೇಲಿ ಕೇಳಿ ನೋಡಿ, ಇದು ಬೇರೆಯವರ ಮನೆ ಪಂಚಾಯ್ತಿ ಅಂತ ಯಾರೂ ಹೇಳಲ್ಲ.

ಸಮುದ್ರದಲ್ಲಿ ಹಡಗು ಹಿಡಿದವನನ್ನ ಯಾರು ಬೇಕಾದ್ರೂ ಶಿಕ್ಷಿಸ್ಬಹುದು, ನೆಲದ ಮೇಲೆ ಊರಿಗೆ ಊರೇ ಕೊಂದವನನ್ನ ಅವನ ದೇಶ ಬಿಟ್ಟು ಯಾರೂ ಕೇಳ್ಬಾರ್ದು ಅನ್ನೋದು ನನ್ನ ಮನಸ್ಸಿಗೆ ಒಗ್ಗಲ್ಲ. ನಮ್ಮದೇ 1960ರ ಜಿನೀವಾ ಒಡಂಬಡಿಕೆಗಳ ಕಾಯ್ದೆ ತೆಗೆದು ನೋಡಿ, ಮೂರನೇ ಸೆಕ್ಷನ್ನು. ಒಡಂಬಡಿಕೆಯ ಘೋರ ಉಲ್ಲಂಘನೆ ಮಾಡಿದ ಯಾವನೇ ವ್ಯಕ್ತಿ, ಭಾರತದ ಒಳಗಾಗ್ಲಿ ಹೊರಗಾಗ್ಲಿ, ಶಿಕ್ಷೆಗೆ ಗುರಿ ಅಂತಿದೆ. ದೂರು ಮಾತ್ರ ಸರ್ಕಾರಾನೇ ಕೊಡ್ಬೇಕು. ಬೀಗ ಇದೆ, ಕೀಲಿ ದೆಹಲೀಲಿದೆ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದ್ದು ಇನ್ನೂ ಅನುಮೋದನೆ ಆಗಿಲ್ಲ, ಹೇಗ್ ಕೋರ್ಟು ಸೆನೆಗಲ್ಲನ್ನ ಕಟ್ಟಿಹಾಕಿದ್ದು ಅದೇ ಒಪ್ಪಂದದಿಂದ. ನಮ್ಮ ಸರ್ಕಾರಕ್ಕೆ ನಾನು ಕೇಳೋದು ಮೊದಲು ಅದನ್ನ ಮುಗಿಸಿ ಅಂತ.

ಮೇಷ್ಟ್ರೇ, ನಿಮ್ಮ ಪತ್ರ ಪೂರ್ತಿ ಮುಂದಿನ ಸಂಚಿಕೇಲಿ ಹಾಕ್ತಿದೀವಿ, ಒಂದು ಸಾಲೂ ಕತ್ತರಿಸಿಲ್ಲ. ಇದಕ್ಕೆ ನಿಮ್ಮ ಉತ್ತರ ಏನಾದ್ರೂ ಇದ್ರೆ 20ನೇ ತಾರೀಕಿನೊಳಗೆ ಕಳಿಸಿ, ಎರಡು ಪುಟ ಖಾಲಿ ಇಟ್ಟಿರ್ತೀನಿ.

ಸಂಪಾದಕ