ಇಂಗ್ಲೆಂಡ್, ಬೆಲ್ಜಿಯಂ, ಪೋರ್ಚುಗಲ್, ಬಲ್ಗೇರಿಯಾ ರಾಜರು ಒಂದೇ ಮನೆತನದವರಾ?

ಹೌದು, ತಂದೆಯ ಕಡೆಯಿಂದ ನೋಡಿದರೆ ಈ ನಾಲ್ಕೂ ಕಡೆ ಆಳಿದ್ದು ಜರ್ಮನಿಯ ಸ್ಯಾಕ್ಸ್-ಕೋಬರ್ಗ್ ಡ್ಯೂಕ್ ಮನೆತನದವರೇ. ಅವರ ಸಂಸ್ಥಾನ ತೀರಾ ಚಿಕ್ಕದು, ಸಾಲದಲ್ಲಿ ಮುಳುಗಿತ್ತು.

ಮೊದಲ ದೊಡ್ಡ ಸಂಬಂಧ ರಷ್ಯಾದ್ದು. 1796ರಲ್ಲಿ ಡ್ಯೂಕ್ ಫ್ರಾನ್ಸಿಸ್‌ನ ಮಗಳು ಜೂಲಿಯಾನಾಳನ್ನು ರಾಣಿ ಕ್ಯಾಥರೀನಳ ಮೊಮ್ಮಗನಿಗೆ ಕೊಟ್ಟರು. ಪಾಪ, ಆಗ ಅವಳಿಗೆ ಬರೀ 14 ವರ್ಷ. ಆ ಮದುವೆ ಉಳಿಯಲಿಲ್ಲ, ಆದರೆ ತವರಿಗೆ ದೊಡ್ಡ ಅರಮನೆಗಳ ಬಾಗಿಲು ತೆರೆಯಿತು.

ನಿಜವಾದ ಸೂತ್ರಧಾರ ಅವಳ ತಮ್ಮ ಲಿಯೋಪೋಲ್ಡ್. 1816ರಲ್ಲಿ ಬ್ರಿಟನ್ ಸಿಂಹಾಸನಕ್ಕೆ ಬರಬೇಕಿದ್ದ ಷಾರ್ಲೆಟ್‌ಳನ್ನು ಮದುವೆಯಾದ. ಮರುವರ್ಷವೇ ಹೆರಿಗೆಯ ನಂತರ ಅವಳು ತೀರಿಕೊಂಡಳು. ಆಮೇಲೆ ಅವನ ಅಕ್ಕ (ಅವಳ ಹೆಸರೂ ವಿಕ್ಟೋರಿಯಾ) ಬ್ರಿಟನ್ ರಾಜಕುಮಾರ ಡ್ಯೂಕ್ ಆಫ್ ಕೆಂಟ್‌ನ ಕೈಹಿಡಿದಳು. ಅವರ ಮಗಳೇ ವಿಕ್ಟೋರಿಯಾ ರಾಣಿ. 1831ರಲ್ಲಿ ಲಿಯೋಪೋಲ್ಡ್ ಬೆಲ್ಜಿಯಂನ ಮೊದಲ ರಾಜನಾದ. 1840ರಲ್ಲಿ ಅಕ್ಕನ ಮಗಳು ವಿಕ್ಟೋರಿಯಾ ರಾಣಿ ಆಲ್ಬರ್ಟ್‌ನನ್ನು ಮದುವೆಯಾಗುವುದರ ಹಿಂದೆಯೂ ಇವನ ಒತ್ತಾಸೆ ಇತ್ತು. ಆಲ್ಬರ್ಟ್ ಆಕೆಯ ಸೋದರಮಾವನ ಮಗ, ಅಂದರೆ ಅವನೂ ಕೋಬರ್ಗ್ ಮನೆತನದವನೇ.

ಲಿಯೋಪೋಲ್ಡ್‌ನ ಅಣ್ಣ ಫರ್ಡಿನಾಂಡ್ ಹಂಗೇರಿಯ ಶ್ರೀಮಂತ ಕೊಹಾರಿ ಮನೆತನದ ಅಳಿಯ. ಆ ಶಾಖೆ ಕ್ಯಾಥೊಲಿಕ್ ಆಯಿತು. ಇದು ಬಹಳ ಮುಖ್ಯ. ಅದರಿಂದಲೇ ಅವನ ಮಗ 1836ರಲ್ಲಿ ಪೋರ್ಚುಗಲ್ ರಾಣಿಯ ಗಂಡನಾಗಲು ಸಾಧ್ಯವಾಯಿತು. 1887ರಲ್ಲಿ ಮೊಮ್ಮಗನೊಬ್ಬ ಬಲ್ಗೇರಿಯಾ ಪಟ್ಟಕ್ಕೇರಿದ.

ಇಷ್ಟೆಲ್ಲಾ ಸುಮ್ನೆ ಅದೃಷ್ಟದಿಂದ ಆಗಲಿಲ್ಲ. ಚಿಕ್ಕ ಸಂಸ್ಥಾನದ ರಾಜಕುಮಾರನನ್ನು ತಂದು ಕೂರಿಸಿದರೆ ಯಾವ ದೊಡ್ಡ ದೇಶಕ್ಕೂ ಭಯವಿರಲಿಲ್ಲ ಅಲ್ವಾ? ನನಗೆ ಅದೇ ಮುಖ್ಯ ಕಾರಣ ಅನ್ನಿಸುತ್ತದೆ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರು ಬ್ರಿಟನ್‌ನಲ್ಲಿ ಮುಜುಗರ ತಂದಿತು. 1917ರಲ್ಲಿ ಐದನೇ ಜಾರ್ಜ್ ಅದನ್ನು ವಿಂಡ್ಸರ್ ಎಂದು ಬದಲಿಸಿದ. ಬೆಲ್ಜಿಯಂನಲ್ಲಿ ಈಗಲೂ ಲಿಯೋಪೋಲ್ಡ್‌ನ ವಂಶದವರೇ ರಾಜರು.